ಮೇಲಿನ ದರ್ಜೆಯ ಹಂಬಲ: ತಾಕ್ ಮುನ್‌ಗ್ಯು ಅವರ ನೀಲಿ ಅಂಗಿಯ ವರ್ಷಗಳು

ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವರ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲು ತಡೆದವರ ಹೆಸರು ಬರಬೇಕಾದರೆ ಒಂದೋ ಅವರ ಕಾಲು ಮುರಿದಿರಬೇಕು, ಇಲ್ಲವೇ ಅವರು ಎಡವಿರಬೇಕು. ಇಂಥ ಕಸುಬನ್ನು ಹದಿಹರೆಯದಿಂದ ನಡುವಯಸ್ಸಿನ ಹೊಸ್ತಿಲವರೆಗೆ, ಸೇನೆಯ ಕಡ್ಡಾಯ ಸೇವೆಯ ಕಾಲವೊಂದನ್ನು ಬಿಟ್ಟರೆ ಒಂದೇ ಊರಿನ ಒಂದೇ ನೀಲಿ ಅಂಗಿಯಲ್ಲಿ ನಡೆಸಿಕೊಂಡು ಬಂದ ಸನ್ಮಾನ್ಯ ತಾಕ್ ಮುನ್‌ಗ್ಯು ಅವರು ಈಗ ನಿವೃತ್ತರಾಗಿದ್ದಾರೆ. ನಮ್ಮ ಪೂರ್ವ ಕರಾವಳಿಯ ಡಿಫೆಂಡರುಗಳ ಸಾಲಿನಲ್ಲಿ ಅವರಿಗಿಂತ ವೇಗವಾಗಿ ಓಡಿದವರಿದ್ದಾರೆ, ಎತ್ತರಕ್ಕೆ ಹಾರಿದವರೂ ಇದ್ದಾರೆ; ಆದರೆ ಎದುರಾಳಿ ಎತ್ತ ತಿರುಗುತ್ತಾನೆಂಬುದನ್ನು ಅವನಿಗಿಂತ ಮೊದಲೇ ಅರಿತು, ಅಲ್ಲಿ ಹೋಗಿ ಏನೂ ಆಗದವರಂತೆ ನಿಂತಿರುತ್ತಿದ್ದವರು ಇವರೊಬ್ಬರೇ. ಈ ಮಾತು ಹೇಳುವ ಹಕ್ಕು ಈ ಲೇಖಕನಿಗೆ ಉಂಟು. ಗೋಲ್‌ಕೀಪರನಾದ ಆತ ಆಯುಷ್ಯದ ಬಹುಪಾಲನ್ನು ಅವರ ಬೆನ್ನು ನೋಡುತ್ತಲೇ ಕಳೆದಿದ್ದಾನೆ.

ಸಮ್‌ಚೋಕ್ ಬಂದರಿನ ಹಿಂದಿನ ಗುಡ್ಡದ ಮೇಲೆ, ಸಿಮೆಂಟು ಕಾರ್ಖಾನೆಯ ಕೆಲಸಗಾರರ ಓಣಿಯಲ್ಲಿ ತಾಕ್ ಅವರು ಹುಟ್ಟಿ ಬೆಳೆದರು. ಆ ಓಣಿ ಎಷ್ಟು ಇಳಿಜಾರೆಂದರೆ, ತಪ್ಪಿದ ಚೆಂಡು ಮೀನಿನ ಮಾರುಕಟ್ಟೆಯವರೆಗೂ ಉರುಳಿಕೊಂಡು ಹೋಗುತ್ತಿತ್ತು. ತರಲು ಹೋಗುವ ಸಂಕಟ ಯಾರಿಗೆ ಬೇಕು? ಓರಗೆಯ ಹುಡುಗರೆಲ್ಲ ಸೇರಿ ಇವರನ್ನು ಕೆಳತುದಿಯಲ್ಲಿ ನಿಲ್ಲಿಸಿಬಿಟ್ಟರು. ಅವರ ಮುಂದಿನ ಬದುಕು ಅಲ್ಲೇ ನಿಶ್ಚಯವಾಯಿತು.

ಅವರು ಹದಿಹರೆಯದಲ್ಲೇ ಸೇರಿದ ಊರಿನ ತಂಡ ಆಗ ದೇಶದ ಲೀಗಿನ ಮೇಲಿನ ದರ್ಜೆಯಲ್ಲಿ ಆಡುತ್ತಿತ್ತು. ಈ ಲೇಖಕನು ತಂಡ ಸೇರಿದ ಹೊಸತರಲ್ಲಿ, ಕೈಗೆ ಬಂದ ಚೆಂಡನ್ನು ಕಾಲ ಸಂದಿಯಲ್ಲಿ ಬಿಟ್ಟು ಊರೆಲ್ಲ ನಗುವಂತೆ ಮಾಡಿಕೊಂಡಿದ್ದ. ಪಂದ್ಯ ಮುಗಿದು ಪತ್ರಕರ್ತರು ಮುತ್ತಿಕೊಂಡಾಗ ತಾಕ್ ಅವರು ನಡುವೆ ಬಂದು, “ನಾನು ಅಡ್ಡ ನಿಂತು ಇವನಿಗೆ ಚೆಂಡೇ ಕಾಣದ ಹಾಗೆ ಮಾಡಿದೆ, ಬರ್ಕೊಳ್ಳಿ” ಎಂದರು. ಅದು ಅಪ್ಪಟ ಸುಳ್ಳು. ಆಮೇಲೆ ಕ್ರೀಡಾಂಗಣದ ಎದುರಿನ ಬಾಂಗ್ ಚಿಕ್ಕಮ್ಮನ ಊಟದಂಗಡಿಗೆ ಕರೆದೊಯ್ದು, ಖಾರದ ಕೋಸಿನ ಕಿಮ್ಚಿ ಹಾಕಿದ ಮೀನಿನ ಸಾರು ಕುಡಿಸಿ, “ಅಳೋದಾದ್ರೆ ಸಾರು ಕುಡೀವಾಗ ಅಳು ಕಣೋ, ಖಾರಕ್ಕೆ ಅಂತ ತಿಳ್ಕೋತಾರೆ” ಎಂದರು. ಅಂದಿನಿಂದ ಅವರು ಈತನಿಗೆ ಅಣ್ಣನಾದರು.

ಇನ್ನು ಮುಂದಿನದನ್ನು ಈ ಸನ್ಮಾನದ ಗ್ರಂಥದಲ್ಲಿ ಹೇಳಬೇಕೇ ಎಂದು ಸಂಪಾದಕರು ಅನುಮಾನಿಸಿದರು. ಹೇಳದಿದ್ದರೆ ತಾಕ್ ಅವರನ್ನು ಕುರಿತು ಹೇಳಿದಂತೆಯೇ ಆಗದು. ನಮ್ಮಲ್ಲಿ ಆಟಗಾರನಾದರೂ ಸೇನೆಯ ಸೇವೆ ತಪ್ಪದು. ಆಡಬಲ್ಲವರು ಆ ಕಾಲವನ್ನು ಸೇನೆಯ ತಂಡದಲ್ಲಿ ಆಡುತ್ತ ಸಲ್ಲಿಸುತ್ತಾರೆ. ತಾಕ್ ಅವರೂ ಹಾಗೆಯೇ ಹೋದರು. ಆ ತಂಡದಲ್ಲಿ ಒಂದು ಪದ್ಧತಿ: ಗೋಲು ಹೊಡೆದವನು ಗ್ಯಾಲರಿಯತ್ತ ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆಯಬೇಕು. ಆ ವರ್ಷದ ಲೀಗಿನಲ್ಲಿ ಅವರ ಕೊನೆಯ ಪಂದ್ಯ ನಮ್ಮೂರಿನಲ್ಲೇ, ನಮ್ಮ ಮೇಲೆಯೇ ಬಿತ್ತು. ಸಮನಾದರೂ ಸಾಕು, ನಾವು ಮೇಲಿನ ದರ್ಜೆಯಲ್ಲಿ ಉಳಿಯುತ್ತಿದ್ದೆವು. ಸೈನಿಕನಿಗೆ ಈ ಪಂದ್ಯ ನನಗೆ ಬೇಡ ಎನ್ನುವ ಸ್ವಾತಂತ್ರ್ಯವಿಲ್ಲ. ಹುಟ್ಟಿದಂದಿನಿಂದ ಗೋಲು ಹೊಡೆದು ಗೊತ್ತಿಲ್ಲದ ಮನುಷ್ಯ, ಕಾರ್ನರಿನಿಂದ ಬಂದ ಚೆಂಡಿಗೆ ತಲೆ ಕೊಟ್ಟರು. ಅದು ಈ ಲೇಖಕನ ಬೆರಳ ತುದಿ ಸವರಿಕೊಂಡು ಒಳಹೋಯಿತು. ಸೇನೆಯಲ್ಲಿ ರೂಢಿಯಾದ ಮೈ, ಯೋಚನೆಗೆ ಮೊದಲೇ ಸೆಟೆದು ನಿಂತಿತು. ಕೈ ಹಣೆಗೆ ಹೋಯಿತು. ಎದುರಿಗಿದ್ದುದು ತಾನು ಬೆಳೆದ ಊರಿನ ಜನ ಎಂದು ಅವರಿಗೆ ಹೊಳೆದದ್ದು ಕೈ ಇಳಿಸುವಾಗ. ಅಯ್ಯೋ, ಆ ಮುಖವನ್ನು ಹತ್ತಿರದಿಂದ ನೋಡಿದವರಿಗೇ ಗೊತ್ತು. ನಾವು ಕೆಳಗಿನ ದರ್ಜೆಗೆ ಇಳಿದೆವು.

ಸೇವೆ ಮುಗಿಸಿ ಮರಳಿದ ಮೇಲಿನ ಮೊದಲ ಪಂದ್ಯದ ಕೊನೆಗೆ, ಎಂದಿನಂತೆ ತಂಡ ಸಾಲಾಗಿ ನಿಂತು ಅಭಿಮಾನಿಗಳಿಗೆ ಬಾಗಿ ನಮಸ್ಕರಿಸುವಾಗ, ತಾಕ್ ಅವರು ಬಾಗಿದ ಕ್ಷಣವೇ ಗ್ಯಾಲರಿಗೆ ಗ್ಯಾಲರಿಯೇ ಬೆನ್ನು ತಿರುಗಿಸಿತು. “ಏನಪ್ಪಾ ಸಾರ್ಜೆಂಟ್, ಇವತ್ತು ಸೆಲ್ಯೂಟ್ ಇಲ್ವಾ?” ಎಂದು ಯಾರೋ ಕೂಗಿದರು. ಎಲ್ಲರೂ ತಲೆ ಎತ್ತಿದರೂ ಅವರು ಬಾಗಿಯೇ ಇದ್ದರು. ಬಾಂಗ್ ಚಿಕ್ಕಮ್ಮನಂತೂ ಸಾರಿನ ಬಟ್ಟಲನ್ನು ಮೇಜಿನ ಮೇಲೆ ಕುಕ್ಕಿ, “ತಿನ್ನು. ತಿಂದು ಬಲ ಬಂದ್ಮೇಲೆ ನಮ್ಮನ್ನ ಇನ್ನೂ ಕೆಳಗೆ ತಳ್ಳು” ಎಂದರು. “ಇನ್ನೊಂದು ಬಟ್ಟಲು ಅನ್ನ ಹಾಕಿ ಚಿಕ್ಕಮ್ಮ” ಎಂದಷ್ಟೇ ಅಂದರು ತಾಕ್. ಚಿಕ್ಕಮ್ಮ ಗೊಣಗುತ್ತಲೇ ಹಾಕಿದರು.

ಅದೇ ಚಳಿಗಾಲದಲ್ಲಿ ಜಪಾನಿನ ತಂಡವೊಂದು ಅವರನ್ನು ಕೇಳಿಕೊಂಡು ಬಂತು. “ಹೋಗಿ ಬನ್ನಿ ಅಣ್ಣಾ, ಯಾರೂ ಏನೂ ಅನ್ನಲ್ಲ” ಎಂದು ಈ ಲೇಖಕನು ಹೇಳಿದ.

“ಅನ್ನಲ್ಲ ಕಣೋ, ಅದೇ ಸಂಕಟ” ಎಂದರು ಅವರು. “ಇಳಿಸಿದವನು ನಾನು. ಹತ್ತಿಸೋನೂ ನಾನೇ ಆಗ್ಬೇಕು. ಹತ್ತಿಸಿ, ಆ ಮೇಲಿನ ದರ್ಜೇಲಿ ಈ ಅಂಗಿ ಹಾಕ್ಕೊಂಡು ಒಂದೇ ಒಂದು ಮ್ಯಾಚ್ ಆಡ್ತೀನಿ. ಆಮೇಲೆ ನೀವು ಬೇಡ ಅಂದ್ರೂ ಹೋಗ್ತೀನಿ.”

ಆ ಒಂದು ಪಂದ್ಯದ ಆಸೆಯಲ್ಲಿ ಅವರ ಯೌವನವೆಲ್ಲ ಹೋಯಿತು. ಪ್ರತಿ ವರ್ಷವೂ ಹತ್ತಿರ ಹೋಗುವುದು, ಪ್ರತಿ ವರ್ಷವೂ ಕೂದಲೆಳೆಯಲ್ಲಿ ತಪ್ಪುವುದು. ತಂಡದ ವಸತಿಗೃಹದ ಟಿವಿಯಲ್ಲಿ ಮೇಲಿನ ದರ್ಜೆಯ ಪಂದ್ಯ ಬರುವಾಗ ಅವರು ಒಣಗಿಸಿದ ಸ್ಕ್ವಿಡ್ ಮೀನು ಜಗಿಯುತ್ತ ಕೂತು, ಎದುರಿಗಿದ್ದವರನ್ನೆಲ್ಲ ಮರೆತುಬಿಡುತ್ತಿದ್ದರು. “ಆ ಮೂಲೇಲಿ ನಾನಿದ್ದಿದ್ರೆ ಆ ಗೋಲು ಆಗ್ತಿತ್ತೇನೋ?” ಎಂದು ಒಮ್ಮೆ ಕೇಳಿದರು. “ನೀವಿದ್ದೀರಿ ಅಂತ ಗೊತ್ತಾಗಿದ್ರೆ ಅವರು ಬಸ್ಸಿಂದಾನೇ ಇಳೀತಿರ್ಲಿಲ್ಲ ಅಣ್ಣಾ” ಎಂದರೆ ನಗಲಿಲ್ಲ. ಅವರ ಕಣ್ಣು ಆ ಮೈದಾನದ ಮೇಲೆಯೇ ಇತ್ತು. ಜೊತೆಯವರು ಮದುವೆ, ಮಕ್ಕಳು, ಅಂಗಡಿ ಎಂದು ಒಬ್ಬೊಬ್ಬರಾಗಿ ಆಟ ಬಿಟ್ಟರು. ಇವರು ಕಿರಿಯರಿಗಿಂತ ಮೊದಲು ಮೈದಾನಕ್ಕೆ ಬಂದು, ಎಲ್ಲರೂ ಹೋದ ಮೇಲೆ ಚೆಂಡುಗಳನ್ನು ತಾವೇ ಹೆಕ್ಕಿ ಚೀಲಕ್ಕೆ ತುಂಬುತ್ತಿದ್ದರು. ಬೆನ್ನು ತಿರುಗಿಸಿದ್ದವರು ಒಬ್ಬೊಬ್ಬರಾಗಿ ಇತ್ತ ಮುಖ ಮಾಡಿದರು.

ಕಳೆದ ವರ್ಷದ ಕೊನೆಗೆ ಆ ಪಂದ್ಯ ಬಂತು. ಗೆದ್ದರೆ ಮೇಲಿನ ದರ್ಜೆ. ಒಂದು ಗೋಲಿನಿಂದ ಮುಂದಿದ್ದೆವು, ಆಟ ಮುಗಿಯಲು ಉಸಿರಾಡುವಷ್ಟು ಹೊತ್ತು ಉಳಿದಿತ್ತು. ಎದುರಾಳಿಯ ಹೊಡೆತಕ್ಕೆ ಈ ಲೇಖಕನು ತಪ್ಪಾದ ಕಡೆಗೆ ಬಿದ್ದಿದ್ದ. ಗೋಲಿನ ಬಾಗಿಲು ತೆರೆದೇ ಇತ್ತು. ಎಲ್ಲಿಂದಲೋ ತಾಕ್ ಅವರು ಅಡ್ಡ ಬಿದ್ದರು. ಚೆಂಡು ಅವರ ಕಾಲಿಗೆ ಬಡಿದು ಹೊರಹೋಯಿತು, ಮಂಡಿ ತಿರುಚಿಕೊಂಡಿತು, ಸೀಟಿ ಮೊಳಗಿತು. ಹುಡುಗರೆಲ್ಲ ಕುಣಿಯುತ್ತ ಗ್ಯಾಲರಿಯತ್ತ ಓಡಿದರು.

“ಒಳಗೆ ಹೋಯ್ತೇನೋ?” ಎಂದು ಬಿದ್ದಲ್ಲಿಂದಲೇ ಕೇಳಿದರು.

“ಇಲ್ಲ ಅಣ್ಣಾ. ಮುಗೀತು. ಹತ್ತಿದ್ವಿ.”

“ಹತ್ತಿದ್ವಾ? ಹಾಗಾದ್ರೆ ನನ್ನ ಎತ್ತು. ಮೊದಲನೇ ಮ್ಯಾಚಿಗೆ ತಯಾರಾಗ್ಬೇಕು” ಎಂದು ನಗುತ್ತ ಎದ್ದು ನಿಲ್ಲಲು ಹೋದವರು ಹಾಗೇ ಕುಸಿದರು. ಆ ಮಂಡಿ ಇನ್ನು ಆಟಕ್ಕಿಲ್ಲ ಎಂದು ವೈದ್ಯರು ಹೇಳಿದ್ದು ಮರುವಾರ. ನಮ್ಮನ್ನೆಲ್ಲ ಹೆಗಲು ಕೊಟ್ಟು ಮೇಲೆ ಹತ್ತಿಸಿದವರು ತಾವು ಕೆಳಗೇ ಉಳಿದರು.

ಈ ವಸಂತದಲ್ಲಿ ಮೇಲಿನ ದರ್ಜೆಯ ಮೊದಲ ಪಂದ್ಯ ನಮ್ಮೂರಿನಲ್ಲಿ ನಡೆಯಿತು. ಅತಿಥಿಗಳ ಆಸನ ಕಾದಿರಿಸಿದ್ದರೂ ತಾಕ್ ಅವರು ಊರುಗೋಲು ಹಿಡಿದು ಸಾಮಾನ್ಯರ ಗ್ಯಾಲರಿಗೆ ಹೋದರು. ಪಕ್ಕದಲ್ಲಿ ಕುಳಿತಿದ್ದ ಬಾಂಗ್ ಚಿಕ್ಕಮ್ಮನೇ ಅಲ್ಲಿ ನಡೆದದ್ದನ್ನು ನಮಗೆ ಹೇಳಿದರು. ತಂಡ ಮೇಲೇರಿದ ಸುದ್ದಿ ಕೇಳಿ ಹೊಸ ಜನ ಕಿಕ್ಕಿರಿದಿದ್ದರು. ಎದುರಾಳಿ ನುಗ್ಗಿ ಬಂದಾಗ ತಾಕ್ ಅವರು ಮೈಮರೆತು ಎದ್ದು, “ಲೈನ್ ಬಿಡ್ಬೇಡಿ! ಮುಂದೆ ಬನ್ರೋ, ಮುಂದೆ!” ಎಂದು ಕೂಗತೊಡಗಿದರು.

“ಅಂಕಲ್, ಸ್ವಲ್ಪ ಕೂತ್ಕೋತೀರಾ? ಏನೂ ಕಾಣ್ತಿಲ್ಲ” ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

ಚಿಕ್ಕಮ್ಮ ಸರ್ರನೆ ತಿರುಗಿದರು. “ಯಾರಿಗೆ ಹೇಳ್ತಿದೀಯ ಅಂತ ಗೊತ್ತೇನೋ ನಿಂಗೆ?”

“ಬಿಡಿ ಚಿಕ್ಕಮ್ಮ, ಪಾಪ, ಅವರೂ ಟಿಕೆಟ್ ತಗೊಂಡು ಬಂದಿದಾರೆ” ಎಂದು ತಾಕ್ ಅವರು ಚಿಕ್ಕಮ್ಮನ ತೋಳು ಹಿಡಿದರು. ಹಿಂದಿನವನಿಗೆ ಬಾಗಿ ಕ್ಷಮೆ ಕೇಳಿ ಕುಳಿತರು. ಆಮೇಲೆ ಪಂದ್ಯ ಮುಗಿಯುವವರೆಗೆ ಗಟ್ಟಿಯಿದ್ದ ಕಾಲೊಂದು ಮಾತ್ರ ಆಸನದ ಕೆಳಗೆ ಅತ್ತ ಇತ್ತ ಸರಿಯುತ್ತಲೇ ಇತ್ತಂತೆ.

ಬರುವ ತಿಂಗಳಿನಿಂದ ತಾಕ್ ಅವರು ಗುಡ್ಡದ ಶಾಲೆಯ ಮಕ್ಕಳಿಗೆ ಆಟ ಕಲಿಸಲಿದ್ದಾರೆ. ಅವರಿಗೆ ನೂರು ವಸಂತ ತುಂಬಲಿ, ಮಂಡಿಯ ನೋವು ಬೇಗ ತೊಲಗಲಿ, ಅವರ ಕೈಯಲ್ಲಿ ಪಳಗಿದವರು ಮೇಲಿನ ದರ್ಜೆಯಲ್ಲಿ ನಮ್ಮ ಬಾಗಿಲು ಕಾಯಲಿ. ಆ ಶಾಲೆಯ ಮೈದಾನದ ಸುತ್ತ ಒಂದು ಬೆಂಚೂ ಇಲ್ಲ, ಅಣ್ಣಾ. ನಿಂತುಕೊಂಡು ಬೇಕಾದಷ್ಟು ಕೂಗಿ. ಅಲ್ಲಿ ನಿಮ್ಮನ್ನು ಕೂತ್ಕೊಳ್ಳಿ ಎನ್ನುವವರು ಯಾರೂ ಇಲ್ಲ.