ಸಪೋಟ ಹುಳಕ್ಕೆ ಹಾಕಿಸಿದ ಆಣೆ

ನನಗೆ ಅನುಮಾನ ಹುಟ್ಟುಗುಣ. ಡೇರಿಯಿಂದ ತಂದ ಹಾಲನ್ನೂ ಮನೆಯಲ್ಲಿ ಇನ್ನೊಮ್ಮೆ ಅಳೆಯುವವಳು ನಾನು. ತಾಂಡವಪುರದ ನಮ್ಮ ಸಪೋಟ ತೋಟದಲ್ಲಿ ಎಷ್ಟು ಔಷಧಿ ಹೊಡೆಸಿದರೂ ಮೊಗ್ಗು ಕೊರೆಯುವ ಹುಳ ಸಾಯದೇ ಹೋದಾಗ, ನನ್ನ ಕಣ್ಣು ನೇರವಾಗಿ ಔಷಧಿ ಹೊಡೆಯುವವನ ಮೇಲೆ ಬಿತ್ತು.

ಒಂಬತ್ತು ವರ್ಷದಿಂದ ಅವನೇ ಪಂಪು ಹೊರುತ್ತಿದ್ದ. ಡ್ರಮ್ಮಿನ ನೀರಿಗೆ ಔಷಧಿ ಕಲಸುವವನೂ ಅವನೇ. ಅರ್ಧ ಬಾಟಲಿ ಪಕ್ಕದ ತೋಟಕ್ಕೆ ಮಾರುತ್ತಿದ್ದಾನೆ ಎಂದು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಇಷ್ಟು ತಂದುಕೊಟ್ಟಿದ್ದೆ ಎಂಬುದಕ್ಕೆ ಸಾಕ್ಷಿಗಿರಲಿ ಎಂದು ಖಾಲಿ ಬಾಟಲಿಗಳನ್ನೆಲ್ಲ ಪಂಪ್‌ಸೆಟ್ ಮನೆಯಲ್ಲಿ ಜೋಡಿಸಿಟ್ಟೆ. ಒಂದು ದಿನ ಎದುರಿಗೇ ನಿಂತು, "ಈ ಸಲ ನೀರು ಜಾಸ್ತಿ ಆಯ್ತೇನೋ?" ಎಂದು ಕೆಣಕಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಳ್ಳಲಿ ಎಂದು ಕಾದೆ.

"ಯಾವಾಗ್ಲೂ ಆಕೋ ಅಷ್ಟೇ ಆಕಿವ್ನಿ ಅಮ್ಮಾರೇ" ಅಂದು ಪಂಪು ಹೊತ್ತುಕೊಂಡ. ಅವನ ನೆಮ್ಮದಿ ಕಂಡು ನನ್ನ ಅನುಮಾನ ಇನ್ನಷ್ಟು ಬಲಿಯಿತು.

ಕೊನೆಗೊಂದು ಸೋಮವಾರ ನಂಜನಗೂಡಿಗೆ ಕರೆದುಕೊಂಡು ಹೋಗಿ, ದೇವಸ್ಥಾನದ ಮುಂದೆ ಕರ್ಪೂರ ಹಚ್ಚಿ, "ಔಷಧಿ ಕದ್ದಿಲ್ಲ ಅಂತ ಆರಿಸು" ಎಂದೆ. ನಮ್ಮ ಕಡೆ ಉರಿಯುವ ಕರ್ಪೂರವನ್ನು ಕೈಯಿಂದ ಆರಿಸಿದರೆ ಆಣೆ ಮಾಡಿದ ಹಾಗೆ, ಆಮೇಲೆ ಮಾತಿಲ್ಲ. ಅವನು ನನ್ನ ಮುಖವನ್ನೇ ನೋಡುತ್ತಾ ಅಂಗೈ ಒತ್ತಿ ಆರಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ದೂರದ ಸೀಟಿನಲ್ಲಿ ಕೂತ. ಮಾರನೇ ದಿನದಿಂದ ಕೆಲಸಕ್ಕೇ ಬರಲಿಲ್ಲ. ಆಗಲೂ ನಾನೇ ಬುದ್ಧಿವಂತೆ: ಸುಳ್ಳು ಆಣೆಗೆ ಹೆದರಿದ ಎಂದುಕೊಂಡೆ.

ಬೇರೊಬ್ಬನನ್ನು ಕರೆಸಿ, ಮುಂದೆಯೇ ನಿಂತು ಅಳೆದು ಹೊಡೆಸಿದೆ. ಹುಳ ಹಾಗೆಯೇ ಇತ್ತು. ತೋಟ ನೋಡಲು ಬಂದ ತೋಟಗಾರಿಕೆ ಆಫೀಸಿನ ಹುಡುಗಿ ಆ ಸಾಕ್ಷಿಯ ಬಾಟಲಿಗಳನ್ನು ಒಂದೊಂದಾಗಿ ತಿರುಗಿಸಿ ಸಣ್ಣಕ್ಷರ ಓದಿದಳು.

"ಇವನ್ನೆಲ್ಲ ಯಾರು ತಂದಿದ್ದು?"

ನಾನೇ. ಗೊಬ್ಬರದಂಗಡಿಯವರ ಮೇಲೂ ನನಗೆ ಅನುಮಾನವಲ್ಲವೇ! ಒಮ್ಮೆ ನಂಜನಗೂಡು, ಒಮ್ಮೆ ಟಿ. ನರಸೀಪುರ ಎಂದು ಅಂಗಡಿ ಬದಲಾಯಿಸಿ, ಪ್ರತಿ ಸಲ ಬೇರೆ ಕಂಪನಿಯದೇ ಬೇಕೆಂದು ಜಗಳವಾಡಿ ತರುತ್ತಿದ್ದೆ.

"ಹೆಸರು ಮಾತ್ರ ಬೇರೆ ಆಂಟಿ, ಒಳಗಿರೋ ವಿಷ ಒಂದೇ. ಅದಕ್ಕೆ ಸಾಯದೆ ಉಳಿದ ಹುಳಗಳ ಮಕ್ಕಳು ಮರಿಮಕ್ಕಳೇ ಈಗ ತೋಟದ ತುಂಬ ಇರೋದು. ಇನ್ನು ಎಷ್ಟು ಗಟ್ಟಿಯಾಗಿ ಕಲಸಿದ್ರೂ ಅಷ್ಟೇ."

ನಾಚಿಕೆಗೆ ಅವತ್ತು ನನಗೆ ಊಟ ಸೇರಲಿಲ್ಲ.

ಮಾರನೇ ದಿನ ಅವನ ಮನೆಗೆ ಹೋಗಿ, "ತಪ್ಪು ನಂದೇ ಕಣಪ್ಪ, ಕೆಲಸಕ್ಕೆ ಬಾ" ಎಂದೆ. ಅವನ ಹೆಂಡತಿ ಕಾಫಿ ಕೊಟ್ಟಳು. ಅವನು ತನ್ನ ಲೋಟ ಕೆಳಗಿಟ್ಟ.

"ಬತ್ತೀನಿ ಅಮ್ಮಾರೇ, ಪಂಪು ಒರ್ತೀನಿ. ಆದ್ರೆ ಔಷ್ದಿ ಬಾಟ್ಲಿ ಮಾತ್ರ ನಾ ಮುಟ್ಟಾಕಿಲ್ಲ. ನೀವೇ ಕಲಸಿ ಕೊಡ್ಬೇಕು."

ಈಗ ಹುಡುಗಿ ಬರೆದುಕೊಟ್ಟ ಬೇರೆ ಔಷಧಿ ತರುತ್ತೇನೆ. ಹುಳ ಕಡಿಮೆಯಾಗಿದೆ. ಕೈಗೆ ಗ್ಲೌಸು ಹಾಕಿಕೊಂಡು ನಾನೇ ಕಲಸುತ್ತೇನೆ. ಕಲಸಿ ಮುಗಿಯುವ ತನಕ ಅವನು ಡ್ರಮ್ಮಿಗೆ ಬೆನ್ನು ಮಾಡಿ ನಿಂತಿರುತ್ತಾನೆ.