ಹರಿದ ಮೂಲೆ, ಹರಿಯದ ನಕ್ಷೆ

ದೆವ್ವ, ಪವಾಡ ಎಂದವರನ್ನು ನಾನು ಗೇಲಿ ಮಾಡಿದ್ದೇ ಹೆಚ್ಚು. ಮೈಸೂರಿನಲ್ಲಿ ಇಪ್ಪತ್ತೈದು ವರ್ಷದಿಂದ ಮನೆಗಳ ನಕ್ಷೆ ಬರೆಯುವ ನನಗೆ ಸಿಮೆಂಟು, ಕಬ್ಬಿಣ ಬಿಟ್ಟರೆ ಬೇರೆ ನಂಬಿಕೆ ಇರಲಿಲ್ಲ. ಈಗ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದೆ ಆಯುಧಪೂಜೆಗೆಂದು ಆಫೀಸು ತೊಳೆಸುವಾಗ ಹಳೆಯ ನಕ್ಷೆಗಳನ್ನೆಲ್ಲ ಗುಜರಿಗೆ ಹಾಕಲು ಹೊರಟೆ. ಕಪಾಟು ತುಂಬ ಸುರುಳಿ, ಜೊತೆಗೆ ಗೆದ್ದಲು. ನಮ್ಮ ಡ್ರಾಫ್ಟ್ಸ್‌ಮನ್ ಶಿವಣ್ಣನವರು ಬದುಕಿದ್ದರೆ ಬಿಡುತ್ತಿರಲಿಲ್ಲ. "ಮನೆ ನಿಂತಿರೋ ಗಂಟ ಕಾಗ್ದಾನೂ ಇರ್ಬೇಕು ಕಣ್ ಸಾರ್" ಎನ್ನುತ್ತಿದ್ದರು. ನನಗೋ ಹತ್ತು ವರ್ಷ ಇಟ್ಟದ್ದೇ ದೊಡ್ಡದು. ಬಿಸಾಡುವ ನಕ್ಷೆಯನ್ನು ಯಾರೂ ದುರುಪಯೋಗ ಮಾಡಬಾರದೆಂದು ಸಹಿಯಿರುವ ಮೂಲೆಯನ್ನು ಹರಿದಿಟ್ಟುಕೊಳ್ಳುವುದು ನಮ್ಮ ಪದ್ಧತಿ. ಒಂದನ್ನೂ ಓದದೆ, ಎಲ್ಲದರ ಮೂಲೆಗಳನ್ನೂ ಕೈಯಾರೆ ಹರಿದು ಚೀಲಕ್ಕೆ ತುಂಬಿದೆ. ಉಳಿದದ್ದನ್ನು ದೇವರಾಜ ಮೊಹಲ್ಲಾದ ಗುಜರಿಯವನು ಸಂಜೆಯೇ ಹೊತ್ತೊಯ್ದ.

ಮರುದಿನ ಬೆಳಿಗ್ಗೆ ಬೀಗ ತೆಗೆದರೆ ಮೇಜಿನ ಮೇಲೆ ಒಂದು ನಕ್ಷೆ ಹರಡಿಕೊಂಡಿತ್ತು. ವಿದ್ಯಾರಣ್ಯಪುರಂನ ಮನೆಯೊಂದರದು. ಇದೊಂದು ತಪ್ಪಿಸಿಕೊಂಡಿದೆ ಎಂದು ಸುತ್ತಲು ಹೋಗುವಷ್ಟರಲ್ಲಿ ಫೋನ್ ಬಂತು. ಅದೇ ಮನೆಯ ಯಜಮಾನಿ. ಕೆಳಗೆ ಕಾರು ನಿಲ್ಲಿಸಲು ಜಾಗ ಮಾಡಿಸುತ್ತಿದ್ದರು.

"ಸಾರ್, ನಡುಗಂಬ ಬರೀ ಅಂದಕ್ಕೆ ಅಂತ ನೀವೇ ಹೇಳಿದ್ರಲ್ಲ. ಮೇಸ್ತ್ರಿ ಸುತ್ತಿಗೆ ಹಿಡ್ಕೊಂಡು ನಿಂತವ್ರೆ. ಒಡೆಸ್ಬುಡ್ಲಾ?"

ಹೂಂ ಎನ್ನಲು ಬಾಯಿ ತೆರೆದೆ. ನನ್ನ ನೆನಪಿನಲ್ಲೂ ಅದು ಅಂದದ ಕಂಬವೇ. ಅಷ್ಟರಲ್ಲಿ ಕಣ್ಣು ಮೇಜಿನ ಮೇಲೆ ಬಿತ್ತು. ನನ್ನ ಸಹಿಯ ಪಕ್ಕದಲ್ಲೇ ಶಿವಣ್ಣನವರ ಪೆನ್ಸಿಲ್ ಅಕ್ಷರ: 'ಕಟ್ಟುವಾಗ ಬದಲಾಯಿತು. ತೊಲೆಯ ಭಾರ ನಡುಗಂಬದ ಮೇಲಿದೆ.'

"ನಿಲ್ಸೀಮ್ಮಾ!" ಎಂದು ಕಿರುಚಿದೆ.

ಓಡಿಹೋಗಿ ಗಾರೆ ಕೆರೆಸಿ ನೋಡಿದರೆ ಶಿವಣ್ಣ ಬರೆದದ್ದು ನಿಜ. ಆ ಕಂಬದ ನೇರಕ್ಕೆ, ಮೇಲಿನ ಕೋಣೆಯಲ್ಲಿ ಬಾಣಂತಿ ಮಗಳೂ ಹಸುಗೂಸೂ ಮಲಗಿದ್ದರು. ಆ ಕಂಬವನ್ನು ಯಾರೂ ಮುಟ್ಟಕೂಡದೆಂದು ಮೇಸ್ತ್ರಿಗೆ ಹೇಳಿ ಹೊರಟೆ.

ಆಫೀಸಿಗೆ ಮರಳಿ, ಅನುಮಾನ ಬಂದು ಚೀಲ ಸುರಿದೆ. ಆ ಮನೆಯ ಮೂಲೆ ಅದರಲ್ಲಿತ್ತು. ನಾನೇ ಹರಿದದ್ದು, ಅದೇ ಸಹಿ, ಅದೇ ಪೆನ್ಸಿಲ್ ಅಕ್ಷರ. ಮೇಜಿನ ಮೇಲಿನ ನಕ್ಷೆಯ ಮೂಲೆ ಮಾತ್ರ ಹರಿದೇ ಇರಲಿಲ್ಲ. ಆ ನಕ್ಷೆಗೆ ಇನ್ನೊಂದು ಪ್ರತಿ ಇರಲಿಲ್ಲ, ಶಿವಣ್ಣನವರು ತೀರಿಕೊಂಡು ಎರಡು ವರ್ಷವಾಗಿತ್ತು.

ಆಮೇಲೆ ನಾನು ಒಂದು ಕಾಗದವನ್ನೂ ಬಿಸಾಡಿಲ್ಲ. ಆ ಮೂಲೆಯೂ ಆ ನಕ್ಷೆಯೂ ನನ್ನ ಕಪಾಟಿನಲ್ಲಿ ಒಟ್ಟಿಗೇ ಇವೆ. ಎರಡರಲ್ಲೂ ಇರುವುದು ನನ್ನದೇ ಸಹಿ. ಯಾವುದು ನಾನು ಹಾಕಿದ್ದು ಎಂಬುದು ಇವತ್ತಿಗೂ ನನಗೆ ಗೊತ್ತಾಗಿಲ್ಲ.