ಹೆಗಲು ಬದಲಿಸಿ ಬಂದ ಮೆಕ್ಯಾನಿಕ್

ಚಾವಿ ತಿರುವಿದೊಡನೆ ಕಾರು ಕರಕರ ಎಂದು ಕಬ್ಬಿಣ ಅರೆದಂತೆ ಸದ್ದು ಮಾಡಿತು, ಎಂಜಿನ್ ಹತ್ತಲಿಲ್ಲ. ಹಿಂದಿನ ಸೀಟಿನಲ್ಲಿ ತಂಗಿ ಹೆರಿಗೆ ನೋವಿನಿಂದ ಅವ್ವನ ಕೈ ಹಿಡಿದು ನರಳುತ್ತಿದ್ದಳು. ಗೋಕಾಕದ ಆಸ್ಪತ್ರೆಗೆ ಹೊರಟಿದ್ದ ನಾವು, ಅಂಕಲಗಿಯಲ್ಲಿ ಶವಯಾತ್ರೆ ಎದುರಾಯಿತೆಂದು ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ್ದೆವು. ಮತ್ತೆ ಚಾವಿ ತಿರುವಿದೆ. ಅದೇ ಸದ್ದು, ಇನ್ನೂ ಜೋರಾಗಿ.

ಚಟ್ಟಕ್ಕೆ ಹೆಗಲು ಕೊಟ್ಟಿದ್ದವರೊಬ್ಬರು ತಿರುಗಿ ನೋಡಿದರು. ಪಕ್ಕದವರಿಗೆ ಹೆಗಲು ಬದಲಿಸಿ ನಮ್ಮತ್ತ ಬಂದರು.

"ಮತ್ತ ಚಾವಿ ತಿರುವಬ್ಯಾಡ್ರಿ, ಗೇರಿನ ಹಲ್ಲು ಸವಿತಾವು. ಸ್ಟಾರ್ಟರ್ ಸಡಲಾಗಿರಬೇಕು, ಪಾನಾ ಕೊಡ್ರಿ."

ಡಿಕ್ಕಿಯಿಂದ ಸ್ಪ್ಯಾನರ್ ತೆಗೆದುಕೊಡುತ್ತಾ ತಂಗಿಯ ಸ್ಥಿತಿ ಹೇಳಿದೆ. ಬಾನೆಟ್ ಎತ್ತಿ ಸ್ಟಾರ್ಟರ್ ಮೋಟರನ್ನು ಅಲುಗಾಡಿಸಿ ನೋಡಿದರು. ನಂತರ ಕಾರಿನ ಕೆಳಗೆ ಮಲಗಿ ಅದರ ಬೋಲ್ಟುಗಳನ್ನು ಬಿಗಿದರು. ಅವರು ಹೇಳಿದ ಮೇಲೆ ಚಾವಿ ತಿರುವಿದೆ; ಎಂಜಿನ್ ಒಮ್ಮೆಗೇ ಹತ್ತಿತು.

ತೀರಿಕೊಂಡವರು ಯಾರೆಂದು ಕೇಳಿದೆ.

"ನಮ್ಮವ್ವರಿ. ಆಕಿ ಇನ್ನ ಕಾಯ್ತಾಳ, ನಿಮ್ಮ ತಂಗಿಗಿ ಕಾಯಾಕ ಆಗಂಗಿಲ್ಲ. ನಡೀರಿ" ಎಂದವರೇ ಶವಯಾತ್ರೆಯ ಹಿಂದೆ ಓಡಿದರು.

ಆ ಮಧ್ಯಾಹ್ನ ತಂಗಿಗೆ ಹೆಣ್ಣು ಮಗುವಾಯಿತು. ತಾಯಿ, ಮಗು ಇಬ್ಬರೂ ಆರಾಮ. ಮುಂದಿನ ವಾರ ಅಂಕಲಗಿಗೆ ಆ ಮೆಕ್ಯಾನಿಕ್ ಮನೆ ಹುಡುಕಿಕೊಂಡು ಹೋದೆ. ತಮ್ಮ ಅವ್ವನ ಫೋಟೊದ ಮುಂದೆ ಕುಳಿತಿದ್ದವರು ನನ್ನನ್ನು ಕಂಡೊಡನೆ ಎದ್ದು, "ತಂಗಿ ಹ್ಯಾಂಗದಾರ್ರಿ?" ಎಂದು ಕೇಳಿದರು. ಸಮಾಧಾನದ ಮಾತುಗಳನ್ನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ನಾನು, ಮೊದಲು ಮೊಬೈಲ್ ತೆಗೆದು ಮಗುವಿನ ಫೋಟೊ ತೋರಿಸಿದೆ.